ತಲಪಾಡಿ ಬಸ್ಸು

ಮಧ್ಯಾಹ್ನದ ಗಂಜಿಯ ಪಾತ್ರೆ ತೊಳೆದು ಕವುಚಿ ಹಾಕಿ
ಬಂದ್ಯೋಡಿನ ನಮ್ಮ ಜಗಲಿಗೆ ಏಳು ಮಂದಿ ಹೆಂಗಸರು ಬರುತ್ತಿದ್ದರು,
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪು,
ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆ.
ಎಂಟನೆಯವಳು ವಾರಿಜಕ್ಕ. ಅವಳ ಮಡಿಲಲ್ಲಿ ಪುಸ್ತಕ.
ಓದಿದ್ದಕ್ಕೆ ಕೂಲಿ, ತಲೆಗೆ ಒಂದು ಕಟ್ಟು:
ಇಪ್ಪತ್ತೈದು ಬೀಡಿ ಸುರುಟಿ ಅವಳ ಲೆಕ್ಕಕ್ಕೆ ಹಾಕುತ್ತಿದ್ದರು.
ನನ್ನದು ಬೀಡಿಯ ತಲೆ ಮಡಚುವ ಕೆಲಸ. ವಯಸ್ಸು ಒಂಬತ್ತು.

ಮನೆಯಲ್ಲಿ ತುಳು, ಬ್ರಾಂಚಿನಲ್ಲಿ ಮಲಯಾಳ,
ಮದುವೆಯಾಗಿ ಅಳುವುದು ಮಾತ್ರ ಕನ್ನಡದಲ್ಲಿ.
ಕಾದಂಬರಿಯ ನೀರಜಾ ಮೈಸೂರಿನವಳು.
ಗಂಡನನ್ನು 'ರೀ' ಎಂದು ಕರೆದಾಗಲೆಲ್ಲ
ಕತ್ತರಿಗಳು ನಿಂತು ನಗು ಏಳುತ್ತಿತ್ತು:
ನಮ್ಮಲ್ಲಿ ಬಾಗಿಲ ಸಂದಿಯಿಂದ ಒಂದು ಕೆಮ್ಮು ಸಾಕು.

'ತವರಿನ ಬಾಗಿಲು ಅವಳಿಗೆ ಅಂದೇ ಮುಚ್ಚಿತು'
ಎಂದು ಓದಿದಾಗ ದೇಯಿ ಅಜ್ಜಿಗೆ ಅರ್ಥವೇ ಆಗಲಿಲ್ಲ.
ಮುಚ್ಚಿದ್ದು ಯಾರು? ತಾಯಿಯ ಮನೆ ಮಗಳದ್ದಲ್ಲವಾ?
ಬೀಗದಕೈ ಯಾರ ಸೊಂಟದಲ್ಲಿತ್ತು?
ವಾರಿಜಕ್ಕ ಪುಟ ಹಿಂದೆ ತಿರುವಿ ಹುಡುಕಿದಳು.
ಬರೆದಿಲ್ಲ, ಅಂದಳು.

ಬರೆಯದ್ದು ಬಹಳ ಇತ್ತು.
ನೀರಜಾ ಉಂಡದ್ದನ್ನು ಯಾರೂ ಕಂಡಿಲ್ಲ,
ಹತ್ತೊಂಬತ್ತನೆಯ ಅಧ್ಯಾಯದ ತನಕ ಬಡಿಸುತ್ತಲೇ ಇದ್ದಾಳೆ.
ಮುಟ್ಟಾಗಲಿಲ್ಲ, ಹಲ್ಲುನೋವು ಬರಲಿಲ್ಲ,
ಜ್ವರ ಬಂದರೆ ಗಂಡ ಪಶ್ಚಾತ್ತಾಪ ಪಡುವಷ್ಟೇ ಬಂತು.
ಕಣ್ಣು ಮಾತ್ರ ಪ್ರತಿ ಪುಟಕ್ಕೂ ಒದ್ದೆ.
ಇಷ್ಟು ನೀರು ಮೇ ತಿಂಗಳಲ್ಲಿ ನಮ್ಮ ಬಾವಿಗೆ ಬಂದಿದ್ದರೆ,
ಅಂದಳು ಉಮ್ಮಕ್ಕ, ನೂಲು ಹಲ್ಲಲ್ಲಿ ಕಚ್ಚಿಕೊಂಡು.

ಬೇರೆ ಕಾದಂಬರಿಗಳಲ್ಲಿ ನೌಕರಿ ಮಾಡುವವಳೂ ಇದ್ದಳು.
ಅವಳಿಗೆ ಗಿಡ್ಡ ಕೂದಲು, ತುಟಿಗೆ ಬಣ್ಣ,
ಕೊನೆಗೆ ಒಂದು ಕಾರಿನ ಅಪಘಾತ.
ದಿನಕ್ಕೆ ಎಂಟುನೂರು ಬೀಡಿ ಕಟ್ಟಿ ಮನೆ ನಡೆಸುವವಳು
ಯಾವ ಪುಟದಲ್ಲೂ ಬರಲಿಲ್ಲ. ಒಳ್ಳೆಯದೇ ಆಯಿತು,
ಬಂದಿದ್ದರೆ ಅವಳನ್ನು ಯಾವ ಮಹಡಿಯಿಂದ ಬೀಳಿಸುತ್ತಿದ್ದರೋ!

ನೀರಜೆಯ ಕೊನೆಯ ಅಧ್ಯಾಯ ನನಗೆ ಇವತ್ತಿಗೂ ಬಾಯಿಪಾಠ.
ಗಂಡ ಇನ್ನೊಬ್ಬಳ ಜೊತೆ ಊಟಿಗೆ ಹೋಗಿ ಬಂದಿದ್ದಾನೆ,
ಬೂಟಿನ ಲೇಸು ಬಿಚ್ಚೆಂದು ಕಾಲು ಚಾಚಿದ್ದಾನೆ.
ನೀರಜಾ ಬಗ್ಗಿದಳು.
ಬಗ್ಗಿ, ಮಂಚದಡಿಯಿಂದ ತನ್ನ ಚೀಲ ಎಳೆದಳು.
ಬಸ್ಸಿನ ದುಡ್ಡು ಎರಡು ಸಲ ಎಣಿಸಿದಳು,
ಸೀಮೆಎಣ್ಣೆಯ ಸ್ಟವ್ ಆರಿಸಿದಳು,
ಎಂಟೂ ನಲವತ್ತರ ತಲಪಾಡಿ ಬಸ್ಸು ಹಿಡಿದಳು.
ಕಿಟಕಿಯ ಸೀಟು. ಒಂದು ಪೊಟ್ಟಣ ನೆಲಗಡಲೆ.
ಅಷ್ಟನ್ನೂ ಒಬ್ಬಳೇ ತಿಂದಳು.

ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ.
ಆಮೇಲೆ ಏಳು ಕತ್ತರಿ ಒಟ್ಟಿಗೆ ಸುರುವಾದವು.

ಮೊನ್ನೆ ಕುಂಬಳೆಯ ವಾಚನಾಲಯದಲ್ಲಿ
ಕನ್ನಡಕ್ಕೆಂದು ಉಳಿದ ಎರಡು ಕಪಾಟಿನ ಕೆಳಗಿನ ಸಾಲಿನಲ್ಲಿ
ಅದೇ ಪುಸ್ತಕ ಸಿಕ್ಕಿತು. ನಿಂತುಕೊಂಡೇ ಕೊನೆ ತೆರೆದೆ.
ಊಟಿ ಇತ್ತು. ಬೂಟು ಇತ್ತು. ನೀರಜಾ ಬಗ್ಗಿದಳು.
ಲೇಸು ಬಿಚ್ಚಿದಳು. ಪಾದಕ್ಕೆ ಹಣೆ ಹಚ್ಚಿದಳು.
ಅವನ ಕಣ್ಣಲ್ಲೂ ನೀರು. ಶುಭಂ.
ಚೀಲ ಇಲ್ಲ. ನೆಲಗಡಲೆ ಇಲ್ಲ.
ಮೈಸೂರಿನ ಬೀದಿಗೆ ತಲಪಾಡಿ ಬಸ್ಸು ಹೇಗೆ ಬಂತೆಂದು
ಮೂವತ್ತು ವರ್ಷ ನನಗೆ ಹೊಳೆದೇ ಇರಲಿಲ್ಲ.
ಹೊಲಿಗೆಯ ಸಂದಿಯಲ್ಲಿ ಚೂರು ಹೊಗೆಸೊಪ್ಪು;
ಸೀನಿದೆ. ಓದುತ್ತಿದ್ದವರು ತಲೆಯೆತ್ತಿ ನೋಡಿದರು.

ವಾರಿಜಕ್ಕ ಇದ್ದಾಳೆ, ಗಂಡನ ಮನೆಯಲ್ಲೇ.
ಅವಳ ಬೀಡಿ ಪಿಂಚಣಿಯನ್ನು ಈಗಲೂ ಅವನೇ ಎಣಿಸುವುದು.
ಪುಸ್ತಕ ಮುಂದೆ ಹಿಡಿದು ಕೇಳಿದೆ,
ಇದರಲ್ಲಿ ಬಸ್ಸು ಎಲ್ಲಿದೆ, ತೋರಿಸು.
ಒಳಗಿನಿಂದ ಅವನ ಕೆಮ್ಮು ಕೇಳಿಸಿತು.
ಅವಳು ಕೂಡಲೇ ಏಳಲಿಲ್ಲ.
ಹಳದಿಗಟ್ಟಿದ ಬೆರಳನ್ನು ಸಾಲಿನ ಮೇಲೆ ನಿಧಾನ ಎಳೆದು
'ಅಕ್ಷರ ಸಣ್ಣ ಇತ್ತು ಮಗಾ,' ಅಂದಳು,
'ನನಗೆ ಕಂಡದ್ದು ಹಾಗೆ.'