ಚೆಕ್ಕುಬಂದಿ

ಅರಕಲಗೂಡು ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ
ರಾಜಿ ಪತ್ರ ಟೈಪಾಗುತ್ತಿತ್ತು. ಹುಡುಗ ಓದಿ ಹೇಳಿದ:
ವಾದಿ ಪುಟ್ಟಗೌರಿ ಕೋಂ ಚನ್ನಿಗಶೆಟ್ಟಿ,
ಮೂವತ್ತೆರಡು ಗುಂಟೆ ಹಿಪ್ಪುನೇರಳೆ.
ಪೂರ್ವಕ್ಕೆ ಸರ್ಕಾರಿ ಹಳ್ಳ,
ಪಶ್ಚಿಮಕ್ಕೆ ಪ್ರತಿವಾದಿ ಮೊಗಣ್ಣನ ಆಲೂಗೆಡ್ಡೆ ಹೊಲ,
ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ನನ್ನ ಮೈದುನನ ಪಾಲು.
ಮೇಲಕ್ಕೆ ಯಾರದು ಬರ್ಕೊಂಡೆಯಪ್ಪಾ, ಅಂದೆ.
ನಕ್ಕ. ಮೇಲಕ್ಕೆ ಕಾಲಂ ಇಲ್ಲಮ್ಮ.

ಬಂದದ್ದೆಲ್ಲ ಮೇಲಿನಿಂದಲೇ.
ಆಷಾಢದ ಗಾಳಿ, ಒಣಹಾಕಿದ ಸೀರೆಯನ್ನೇ ಬೇಲಿ ದಾಟಿಸುವಂಥದು.
ಹುಳ ಆಗತಾನೆ ನಾಲ್ಕನೇ ಜ್ವರದಿಂದ ಎದ್ದಿದ್ದವು.
ಜ್ವರದಿಂದೆದ್ದ ಹುಳಕ್ಕೆ ಹಸಿವೆಂದರೆ ಹಸಿವು,
ಬಸುರಿಯ ಹಸಿವೂ ಸಮವಲ್ಲ.
ಸೊಪ್ಪು ಹಾಸಿದರೆ ಸರಬರ ಸರಬರ,
ಕತ್ತಲಲ್ಲಿ ಯಾರೋ ಮೊರ ಹಿಡಿದು
ರಾಗಿ ಕೇರುತ್ತಿರುವ ಹಾಗೆ, ಇಡೀ ಮನೆಯಲ್ಲಿ.
ಆ ಸದ್ದಿಗೇ ನನಗೆ ನಿದ್ದೆ ಬರುವುದು.

ಆ ರಾತ್ರಿ ಬರಲಿಲ್ಲ.
ಎದ್ದು ದೀಪ ಹಾಕಿದೆ.

ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು,
ಯಾರಿಗೋ ಬೇಡ ಬೇಡ ಎನ್ನುವಂತೆ.
ಬಾಯಲ್ಲಿ ಹಸಿರು ನೀರು.
ಬೆಳಗಾಗುವುದರೊಳಗೆ ಬೆರಳುದ್ದದವು ಉಗುರುದ್ದ.
ಚಂದ್ರಿಕೆ ತೊಳೆದು ಗೋಡೆಗೆ ಒರಗಿಸಿಟ್ಟಿದ್ದೆ.
ಸೊಪ್ಪು ಕಿತ್ತದ್ದು ಪಡುವಣ ಸಾಲಿನಿಂದ,
ಹಾಕಿದ್ದು ನಾನೇ, ನನ್ನ ಕೈಯಾರೆ.
ಇದನ್ನು ದಾವೆಯಲ್ಲಿ ಬರೆಸಲಿಲ್ಲ.

ಗಾಳಿ ಯಾವ ಕಡೆ ಬೀಸುತ್ತಿತ್ತು, ನೀವು ಕಣ್ಣಾರೆ ನೋಡಿದಿರಾ?
ಅವರ ವಕೀಲರು ಕೇಳಿದರು.
ಗಾಳಿಯನ್ನು ನೋಡಿದವರುಂಟೇ ಸ್ವಾಮಿ,
ನೋಡಿದ್ದು ಒಲೆಯ ಹೊಗೆ. ಹಳ್ಳದ ಕಡೆಗೆ ಮಲಗಿತ್ತು.
ಬರೆದುಕೊಂಡರೋ ಇಲ್ಲವೋ.
ಎಂಟು ವಾಯಿದೆ, ಎಂಟು ಸಲವೂ ಅದೇ ಬಸ್ಸು,
ಮುಂದೆ ನಾನು, ಹಿಂದಿನ ಸೀಟಿನಲ್ಲಿ ಮೊಗಣ್ಣ.
ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಅವನು ದುಡ್ಡು ಕೊಡಬೇಕು.
ಅಷ್ಟು ನ್ಯಾಯ ದಾರಿಯಲ್ಲೇ ಸಿಗುತ್ತಿತ್ತು.

ಒಂಬತ್ತನೆಯದು ಲೋಕ ಅದಾಲತ್ತು.
ಕೇಳಿದ್ದು ಒಂದು ಲಕ್ಷ ಹತ್ತು ಸಾವಿರ,
ನಿಂತದ್ದು ಐವತ್ತನಾಲ್ಕು ಸಾವಿರಕ್ಕೆ, ಎರಡು ಕಂತು.
ನೂರೈವತ್ತು ಮೊಟ್ಟೆ, ಅರವತ್ತು ಸಾವಿರ ಹುಳ.
ಮಗಳು ಮೊಬೈಲಿನಲ್ಲಿ ಭಾಗಿಸಿ ತೋರಿಸಿದಳು:
ಹುಳಕ್ಕೆ ತೊಂಬತ್ತು ಪೈಸೆ.
ಪೈಸೆ ಈಗ ಯಾರ ಹತ್ತಿರ ಇದೆ?

ಕಂಡಿಕೆ ಮೂರು: ಬದುವಿಗೆ ಹತ್ತಿದ ಆರು ಸಾಲಿಗೆ
ಔಷಧಿ ಹೊಡೆಯತಕ್ಕದ್ದಲ್ಲ.
ವಿಷ ಅಂತ ಬರೀರಿ ಅಂದೆ.
ಎರಡೂ ಕಡೆಯ ವಕೀಲರು, ಅದೊಂದಕ್ಕೆ ಮಾತ್ರ ಒಂದೇ ದನಿಯಲ್ಲಿ,
ಔಷಧಿ ಅಂದರು.
ಕಂಡಿಕೆ ನಾಲ್ಕು: ಎರಡು ದಿನ ಮುಂಚಿತವಾಗಿ
ಪ್ರತಿವಾದಿಯು ವಾದಿಗೆ ಖುದ್ದಾಗಿ ತಿಳಿಸತಕ್ಕದ್ದು.
ಕಂಡಿಕೆ ಐದು: ಸದರಿ ವಿಷಯವಾಗಿ ಇನ್ನು ಮುಂದೆ
ವಾದಿಯದು ಯಾವುದೇ ತಕರಾರು ಇರುವುದಿಲ್ಲ.
ಇರುವುದಿಲ್ಲ ಎಂಬುದರ ಕೆಳಗೆ ನನ್ನ ರುಜು.

ಮತ್ತೆ ಆಷಾಢ. ಖುದ್ದಾಗಿ ಬಂದ.
ಹುಳದ ಮನೆಯ ಹೊಸಿಲಾಚೆ ಚಪ್ಪಲಿ ಬಿಟ್ಟು ನಿಂತ.
ಹೊರಗಿನವರನ್ನು ಒಳಗೆ ಬಿಡುವುದಿಲ್ಲ,
ಅವನಿಗೂ ಗೊತ್ತು, ಅವನ ತಾಯಿಯೂ ಹುಳ ಸಾಕಿದವಳು.
ನಾಳಿದ್ದು, ಅಂದ.
ಹೂಂ, ಅಂದೆ.
ಹೋಗಲಿಲ್ಲ. ಕತ್ತು ಓರೆ ಮಾಡಿ
ಒಳಗಿನ ಸರಬರ ಕೇಳುತ್ತಿದ್ದ.
ಎಷ್ಟನೇ ಜ್ವರ?
ಮೂರು.
ಬೆರಳು ಮಡಿಸಿ ಏನೋ ಎಣಿಸಿದ.
ಗೆಡ್ಡೆ ಕಾಯಲ್ಲ, ಅಂದ. ನನಗೋ, ಬೆರಳಿಗೋ.

ಎರಡು ದಿನದ ಸೊಪ್ಪು ಮೊದಲೇ ಕಿತ್ತು
ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ.
ನಾಳಿದ್ದು ಬಂತು.
ಬದುವಿನ ಮೇಲೊಂದು ಗಳ ನೆಟ್ಟಿದ್ದ,
ತುದಿಗೆ ಅವನದೇ ಹಳೇ ಅಂಗಿ.
ಬೆಳಗಿನಿಂದ ಅದರ ಎರಡು ತೋಳೂ
ನನ್ನ ಹೊಲದ ಕಡೆಗೇ ಚಾಚಿದ್ದವು.
ಅವನು ಕ್ಯಾನು ಕೆಳಗಿಟ್ಟು ಕೂತಿದ್ದ.
ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ನೋಡಿದೆ,
ಇನ್ನೂ ಕೂತಿದ್ದ.
ಅಂಗಿಯ ತೋಳು ಇನ್ನೂ ನನ್ನ ಕಡೆಗೆ.