ತೇವಾಂಶ

ಸಿದ್ದಾಪುರದ ಸಂತೆ ಬೀದಿ, ಮೀನು ಮಾರ್ಕೆಟ್ಟಿನ ಎದುರಿನ ಮಳಿಗೆ.
ಇಪ್ಪತ್ತಾರು ವರ್ಷದಿಂದ ಕಾಳುಮೆಣಸು ತೂಗುತ್ತಿದ್ದೇನೆ.
ಮೆಣಸಿನ ಬಗ್ಗೆ ಕಲಿಯುವುದು ಮೊದಲ ವಾರದಲ್ಲೇ ಮುಗಿಯಿತು,
ಉಳಿದದ್ದೆಲ್ಲ ತಂದವರ ಬಗ್ಗೆ.

ಎಲ್ಲರ ಮನೆಯ ತಕ್ಕಡಿಯಲ್ಲೂ ಎರಡು ಕಿಲೋ ಜಾಸ್ತಿ.
ದಾರಿಯಲ್ಲಿ ಕರಗುತ್ತದಂತೆ. ಕರ್ಪೂರವೇ ಇರಬೇಕು.
"ಮನೆಯಲ್ಲಿ ಕಮ್ಮಿ ಇತ್ತಲ್ಲ ಮಾರಾಯ, ಇಲ್ಲಿ ಹೇಗೆ ಏರಿತು"
ಎಂದು ಒಬ್ಬನೂ ಕೇಳಿದ್ದಿಲ್ಲ.
ಏರಿದವರು ಬೇಗ ಚೀಟಿ ಬರೆಸಿಕೊಂಡು ಬಸ್ಸು ಹಿಡಿಯುತ್ತಾರೆ.

ಆಮೇಲೆ ತೇವ ನೋಡುವ ಯಂತ್ರ ಬಂತು.
ಒಂದು ಹಿಡಿ ಸುರಿ, ಗುಂಡಿ ಒತ್ತು, ಕೆಂಪಗೆ ಅಂಕೆ.
ಹನ್ನೊಂದರೊಳಗೆ ಬಂದರೆ ಯಂತ್ರ ಜಪಾನಿನದು.
ಹದಿನಾಲ್ಕು ಬಂದರೆ ಚೀನಾದ್ದು.

ಪಳಂಗಪ್ಪನವರು ಜೀಪಿಳಿದು ಆಣೆ ಇಟ್ಟರು:
ಐದು ಬಿಸಿಲು, ಸಿಮೆಂಟು ಕಣ, ಬೇಕಾದರೆ ಕಾವೇರಮ್ಮನ ಮೇಲೆ.
ಹೋದ ತಿಂಗಳು ಇಟ್ಟ ಆಣೆಯೇ ಇನ್ನೂ ಹಸಿ ಇತ್ತು.
ನಲವತ್ತು ಮೂಟೆ. ಅವರ ಬೇಲಿ ಬೇಸಗೆ ಬೇಸಗೆಗೂ
ದೇವರಕಾಡಿನ ಕಡೆ ಒಂದೆರಡು ಹೆಜ್ಜೆ ನಡೆಯುತ್ತದೆ;
ಬೇಲಿಗೂ ಭಕ್ತಿ ಇರಬಾರದೇ?
ಎಲ್ಲಿಯದೆಂದು ಯಾರೂ ಕೇಳಲಿಲ್ಲ.
ಕುರ್ಚಿ ಒರೆಸಿದೆವು, ಚಾ ತರಿಸಿದೆವು.

ಹಿಂದೆ ನಿಂತಿದ್ದಳು ಲೈನ್‌ಮನೆಯ ಬೊಳಚಿ.
ಬಳ್ಳಿ ಬುಡದಲ್ಲಿ ಉದುರಿದ್ದನ್ನು ಆಯ್ದ ಮುಕ್ಕಾಲು ಕಿಲೋ,
ಸೆರಗಿನ ಗಂಟಿನಲ್ಲಿ ಗಲಗಲ ಅನ್ನುತ್ತಿತ್ತು.
ಅಂಗಡಿಗೆ ಅಂಗಡಿಯೇ ಎದ್ದು ಕೇಳಿತು: ಎಲ್ಲಿಂದ ತಂದೆ?
ಪಳಂಗಪ್ಪನವರು ಚಾ ಊದುತ್ತ,
"ಈಗ ಯಾರನ್ನೂ ನಂಬುವ ಹಾಗಿಲ್ಲ" ಅಂದರು.
ಹೌದೆಂದು ತಲೆಯಾಡಿಸಿದವರಲ್ಲಿ ಒಬ್ಬ
ಪಪ್ಪಾಯಿ ಬೀಜ ಬೆರೆಸಿ ತಂದಿದ್ದ.
ನಾನೂ ಆಡಿಸಿದೆ. ತಲೆ ಇರುವುದು ಮತ್ತೇಕೆ.

ನಲವತ್ತು ಮೂಟೆಗೆ ಹದಿಮೂರೂವರೆ ಬಂತು.
ಪಳಂಗಪ್ಪನವರು ಎಗರಾಡಿದರು:
ಯಂತ್ರ ತಿರುಗಿಸಿದ್ದೀರಿ, ಕಳ್ಳರು, ಹಾಳಾಗಿ ಹೋಗಿ!
ಕೋಪದಲ್ಲಿ ಜನ ಏನೇನೋ ಅನ್ನುತ್ತಾರೆಂದು
ನಾವು ದೊಡ್ಡ ಮನಸ್ಸು ಮಾಡಿ ನಕ್ಕೆವು.

ಬೆಳಗ್ಗೆ ಶಟರ್ ಎತ್ತುವ ಮುಂಚೆ
ಹಿಂಬದಿಯ ತಿರುಪು ಅರ್ಧ ಸುತ್ತು ತಿರುಗಿಸುವುದು ನನ್ನ ಕೆಲಸ.
ಸಾಹುಕಾರರು ಆಗ ದೇವರ ಪಟಕ್ಕೆ ಹೂ ಸಿಕ್ಕಿಸುತ್ತಿರುತ್ತಾರೆ.
ಪಾಪ, ಪಳಂಗಪ್ಪ.
ಇಡೀ ದಿನದಲ್ಲಿ ಆ ಮನುಷ್ಯ ಆಡಿದ ಒಂದೇ ನಿಜವನ್ನು
ಯಾರೂ ನಂಬಲಿಲ್ಲ.

ಬೊಳಚಿಯದ್ದೇ?
ಮುಕ್ಕಾಲು ಕಿಲೋಗೆಲ್ಲ ಯಂತ್ರ ಹಾಕುವುದುಂಟೇ.
ಮುಖ ನೋಡಿ
ಹದಿನೈದು ಎಂದು ಬರೆದೆ.