ಅರ್ಧ ಕ್ಲಚ್ಚು

ಮುಚಖಂಡಿ ಕೆರಿ ಕಡೆ ಏರಿನ್ಯಾಗ
ಇಂಜಿನ್ ಒದರತೈತಿ, ಗಾಡಿ ಏಳವಲ್ದು.
ಒಲಿಮ್ಯಾಲ ಮರತ ಬ್ಯಾಳಿ ತಳಾ ಹತ್ತಿದಂಥ ವಾಸನಿ.
ಸ್ಟೇರಿಂಗ್ ಹಿಡದಾಕಿ ಕಾಶೀಬಾಯಿ ಮೆಳ್ಳಿಗೇರಿ,
ಕಲಿಯಾಕ ಬಂದು ಒಂಬತ್ತನೇ ದಿನ.
"ಮೇಡಂ, ನಾ ಏನರ ಮುರದ್ನೇನ್ರೀ?"
"ಇಲ್ಲವಾ, ನೀ ಅಲ್ಲ" ಅಂದೆ.
ಮನಸಿನ್ಯಾಗ ಅಂದಕೊಂಡೆ: ನೀನ. ನಿನ್ನಂಥವ್ರ.

ನವನಗರದ ಆ ತುದಿಗೆ ದಸ್ತಗೀರ ನಾಲಬಂದನ ಶೆಡ್ಡು.
ಅವನ ಮುತ್ಯಾ ಎತ್ತಿಗೆ ನಾಲ ಬಡೀತಿದ್ದನಂತ
ಹಳೇ ಊರಾಗ, ಈಗ ಹಿನ್ನೀರಿನ ತಳದಾಗಿರೋ ಓಣಿಯೊಳಗ.
ಚಿಮಟಾ ಒಂದ ಉಳದೈತಿ, ಮೊಳೆಗೆ ತೂಗಹಾಕ್ಯಾನ.

ಬಾನೆಟ್ ಮುಟ್ಟಲಿಲ್ಲ ಅಂವ.
ಹ್ಯಾಂಡ್ ಬ್ರೇಕ್ ಜಗ್ಗಿ, ನಾಕನೇ ಗೇರ್ ಹಾಕಿ,
ಕ್ಲಚ್ಚು ಮೆಲ್ಲಕ ಬಿಟ್ಟ.
ಸಾಯಬೇಕಾಗಿದ್ದ ಇಂಜಿನ್ ಸಾಯಲಿಲ್ಲ,
ಗುರ್ ಅಂತ ತನ್ನಷ್ಟಕ್ಕ ತಾ ಹಾಡಕೋತ ಕುಂತು.
"ಜೀವಂತ ಐತಲ್ಲ, ಅದ ರೋಗ" ಅಂದ.

ಮರುದಿನ ಹನ್ನೆರಡರೊಳಗ
ಬ್ಯಾಟರಿ ಒಂದ ಕಡೆ, ಶಾಫ್ಟು ಒಂದ ಕಡೆ,
ಮದುವಿಮನಿ ಹಂಡೆ ಇಳಿಸಿದಂಗ ಗೇರ್ ಬಾಕ್ಸ್ ಇಳಿಸಿ
ಹಳೇ ಟೈರಿನ ಮ್ಯಾಲ ಕುಂದ್ರಿಸಿದ್ರು.
ಆರು ಬೋಲ್ಟು ಬಿಚ್ಚಿದ ಮ್ಯಾಲ ಪ್ಲೇಟು ಕೈಗೆ ಬಂತು.
"ಊದಬ್ಯಾಡಲೇ, ಪುಡಿ ಎದಿಯಾಗ ಹೋಗ್ತೈತಿ,"
ಹುಡುಗನ್ನ ಬೈದು ಹಸಿ ಅರಬಿಯಿಂದ ಒರಿಸಿದ.
ರಿವೆಟ್ಟಿನ ತಲಿ ತನಕ ಸವದಿತ್ತು.
ಫ್ಲೈವೀಲಿನ ಮ್ಯಾಲ ನೀಲಿ ಬರೆ.

ನಾ ಪ್ಲೇಟು ಹಿಡಕೊಂಡು ಓದಾಕ ಹತ್ತಿದೆ:
ಇದು ರಿಟೈರ್ ಕ್ಯಾಶಿಯರ್ ಗದ್ದನಕೇರಿಯವ್ರ ಕಾಲು,
ನೋಟ ಎಣಿಸಿದಂಗ ಕ್ಲಚ್ಚು ಬಿಡಾವ್ರು.
ಇದು ಆ ನರ್ಸ್ ಹುಡುಗಿ, ಯುಟರ್ನ್ ಬಂದ್ರ ಕಣ್ಣ ಮುಚ್ಚಾಕಿ.
ಇದು...

"ಅಕ್ಕಾರ, ಇಲ್ಲಿ ಬರ್ರಿ."
ದಸ್ತಗೀರ ನನ್ನ ಸೀಟಿನ ಮುಂದ ಕುಕ್ಕರಗಾಲಾಗ ಕುಂತಿದ್ದ,
ಮಾಸ್ತರಿಗಂತ ಇರೋ ಎರಡನೇ ಪೆಡಲ್ ಹತ್ರ.
ಆ ಕಡೆ ಪೆಡಲಿನ ರಬ್ಬರ್ ಮ್ಯಾಲ ಗೆರಿ ಇನ್ನೂ ಅದಾವ.
ಇದರ ಮ್ಯಾಲ ಒಂದೂ ಇಲ್ಲ,
ಚಪ್ಪಲಿ ತುದಿಯಷ್ಟು ಜಾಗ ಕನ್ನಡಿ ಆಗೇತಿ.
"ಕಲಿಯಾವ್ರು ಬರ್ತಾರ, ಹೋಗ್ತಾರ.
ಇದ್ಯಾರದು ಹನ್ನೊಂದ ವರ್ಷ ಕುಂತ ಕಾಲು?"

"ಒತ್ತಿಲ್ಲೋ. ಸುಮ್ಮ ಇಟ್ಟಿದ್ದೆ."
"ಸುಮ್ಮ ಇಟ್ಟದ್ದ ತಿಂತೈತ್ರಿ."

ಅವಗ ಹೇಳಲಿಲ್ಲ.
ಮೊದಲನೇ ವರ್ಷ ಒಬ್ಬಾಕಿ ಬ್ರೇಕ್ ಅಂತ ರೇಸ್ ಒತ್ತಿದ್ದು,
ರೊಟ್ಟಿ ಬುಟ್ಟಿ ಹೊತ್ತ ಮುದುಕಿ ತಿರುಗಿ ನೋಡಿದ್ದು,
ನಡುವ ಒಂದ ಗೇಣು.
ಮುದುಕಿ ನಕ್ಕು ಹೋಗಿಬಿಟ್ಲು.
ಅವತ್ತಿನಿಂದ ನನ್ನ ಎಡಗಾಲು ಮನಿಗೆ ಬಂದಿಲ್ಲ.

ಹೊಸಾ ಪ್ಲೇಟು ನಡುವ ಕುಂದ್ರಿಸಾಕ
ಅವನ ಹತ್ರ ಇದ್ದದ್ದು ಮುರದ ಲಟ್ಟಣಿಗಿ,
ಹೆಂಡ್ತೀದು, ತುದಿ ಕೆತ್ತಿ ಸಣ್ಣ ಮಾಡಿದ್ದು.
ಬೋಲ್ಟು ಬಿಗೀತಿದ್ದ ಎದುರಾಬದುರಾ, ಸುತ್ತೀಗೊಂದು ಸ್ವಲ್ಪ,
ಒಂದ ಕಡೆ ಜೋರ ಬಿಗದ್ರ ಇನ್ನೊಂದ ಕಡೆ ಸಿಟ್ಟಾಗತೈತಿ ಅಂದ.
ಬೇರಿಂಗೂ ಹೊಸಾದು. ಕೇಬಲ್ಲಿಗೆ ಎರಡ ಬೆರಳ ಸಡಿಲ.
ಐದ ಸಾವಿರದ ಎರಡನೂರು; ಎರಡನೂರು ಬಿಟ್ಟ.
ಕಡೀಕ ಟೈರಿನ ತುಂಡೊಂದು ಕೊಯ್ದು
ನನ್ನ ಪೆಡಲಿನ ಬಾಜೂಕ ಸ್ಕ್ರೂ ಹೊಡದ.
"ಇದಕ್ಕೇನಪಾ?"
"ಇದಕ್ಕ ರೊಕ್ಕ ಇಲ್ರಿ. ಕಾಲಿಗೆ ಕುಂದ್ರಾಕ ಜಾಗ."

ಅದ ಏರು, ಅದ ಕಾಶೀಬಾಯಿ.
ಹೊಸಾ ಕ್ಲಚ್ಚು ಗಪ್ಪನ ಹಿಡೀತೈತಿ, ಅಕಿಗೆ ತಿಳೀವಲ್ದು.
ಇಂಜಿನ್ ಸತ್ತು.
ಮತ್ತ ಸತ್ತು.
ಹಿಂದ ಟಂಟಂ ಗಾಡಿಯವ ಹಾರ್ನ್ ಹೊಡದು ಹೊಡದು
ಬೀಡಿ ಹಚ್ಚಿದ.
ಮೂರನೇ ಸಲ ಸತ್ತಾಗ ನಾ ನಗಾಕ ಹತ್ತಿದೆ, ಅಕಿ ಅಳಾಕ.

ನಾಕನೇ ಸಲ ಗಾಡಿ ಎದ್ದು ಏರಿತು,
ಕೆರಿ ನೀರು ಕಾಣೂ ತನಕ.
ಆಗ ನೋಡಿಕೊಂಡೆ:
ನನ್ನ ಎಡಗಾಲು ಆ ಟೈರಿನ ತುಂಡು
ಇದ್ದಬದ್ದ ಶಕ್ತಿಲೆ ಒತ್ತಿ ಹಿಡದಿತ್ತು.
ಗಾಡಿಗೆ ಗೊತ್ತ ಆಗಲಿಲ್ಲ.